ಟ್ಯಾಂಕಿನೊಳಗಿನ ನಾರು

ದಬ್ಬೇಘಟ್ಟ
೧೩ ನವೆಂಬರ್ ೨೦೨೪, ಬುಧವಾರ

ಚಿ. ಸೌ. ಜೀವಿತಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ನೀನು ಕ್ಷೇಮವೇ? ನಿಮ್ಮ ತಾಯಿಯ ಮಂಡಿನೋವು ಹೇಗಿದೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಗಂಡ ರೇಣುಕಪ್ರಸಾದನಂತೂ ಹದಿನೆಂಟು ದಿನದಿಂದ ನನ್ನ ಜೊತೆ ಮಾತಾಡದೆ ಮೂರು ಹೊತ್ತೂ ಚೆನ್ನಾಗಿಯೇ ಉಣ್ಣುತ್ತಿದ್ದಾನೆ. ಎರಡು ದಿನಕ್ಕೆಂದು ತವರಿಗೆ ಹೋದವಳು ನೀನು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ.

ಸುದ್ದಿ ಏನೆಂದರೆ, ಕಾರು ರಿಪೇರಿಯಾಯಿತು. ನೀನು ಓಡಿಸಲು ಕಲಿತ ವಾರವೇ ಅದು ಏದುಸಿರು ಬಿಡಲು ಶುರು ಮಾಡಿದ್ದು ನಿಜ ತಾನೇ? ಸಮ ರಸ್ತೆಯಲ್ಲಿ ಸುಮ್ಮನೆ ಹೋಗುವುದು, ಕೊಬ್ಬರಿ ಮೂಟೆ ಹೇರಿಕೊಂಡು ಕಿಬ್ಬನಹಳ್ಳಿ ಕಡೆಯ ಏರು ಹತ್ತಿದರೆ ಜಗ್ಗಿ ಜಗ್ಗಿ ನಿಲ್ಲುವುದು. "ಕಲಿಯೋರ ಕೈಗೆ ಕೊಟ್ರೆ ಇನ್ನೇನಾಯ್ತದೆ" ಎಂದು ನಾನು ಅಂದೆ. ಪಕ್ಕದ ಮನೆಯ ನಿಂಗಮ್ಮನ ಎದುರಿಗೇ ಅಂದೆ. ನೀನು ಬ್ಯಾಗು ಹಿಡಿದು ಬಸ್ಸು ಹತ್ತುವಾಗ, "ಅತ್ತೆ, ಪೆಟ್ರೋಲ್ ಪ್ರೆಶರ್ ಕಮ್ಮಿ ಆಗ್ತೈತೆ, ಮೊದ್ಲು ಗೇಜ್ ಹಾಕ್ಸಿ ನೋಡಿ" ಎಂದೆ. ಗ್ಯಾರೇಜು ಇಟ್ಟವರ ಮಗಳಾದರೇನು, ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಐವತ್ತೆಂಟು ಅಂಕ ತೆಗೆದ ನನಗೆ ಹೇಳುವ ಮಾತೇ ಅದು? ನಾನು ಹೊಸ ಬ್ಯಾಟರಿ ಹಾಕಿಸಿದೆ. ಆಮೇಲೆ ಪ್ಲಗ್ಗುಗಳನ್ನೂ ಬದಲಾಯಿಸಿದೆ. ಕಾರು ಅದೇ ಏರಿನಲ್ಲಿ, ಅದೇ ಜಾಗದಲ್ಲಿ ನಿಂತಿತು. ಅಲ್ಲಿನ ಎಳನೀರಿನವನು ನಮ್ಮನ್ನು ಕಂಡರೆ ಕೇಳದೆಯೇ ಎರಡು ಕಾಯಿ ಕೆತ್ತತೊಡಗಿದ.

ಕೊನೆಗೆ ತಿಪಟೂರಿನಿಂದ ಮೆಕ್ಯಾನಿಕ್ ಬಾಲರಾಜುವನ್ನು ಕರೆಸಿದೆ. ಕೀಲಿ ತಿರುಗಿಸಿದೊಡನೆ ಹಿಂದಿನ ಸೀಟಿನಡಿ ಪೆಟ್ರೋಲ್ ಪಂಪು ಎರಡು ಕ್ಷಣ ಗುಂಯ್ ಎನ್ನಬೇಕಂತೆ. ಕಿವಿಗೊಟ್ಟು ಕೇಳಲೆಂದು ನಿಮ್ಮ ಮಾವನವರನ್ನು ಸೀಟಿನ ಮೇಲೆ ಮಲಗಿಸಿದೆವು. ಅವರು ನಿದ್ದೆಯೇ ಹೋದರು; ಗೊರಕೆಯಲ್ಲಿ ಪಂಪು ಯಾರಿಗೂ ಕೇಳಲಿಲ್ಲ. ಅವರನ್ನು ಎಬ್ಬಿಸಿ ಇಳಿಸಿದ ಮೇಲೆ ಕೇಳಿಸಿತು, ಆದರೆ ಗಂಟಲು ಕಟ್ಟಿದವರ ಹಾಗೆ. ಬಾಲರಾಜು ಪೆಟ್ರೋಲ್ ಪೈಪಿಗೆ ಒತ್ತಡ ಅಳೆಯುವ ಗೇಜು ಸೇರಿಸಿದ. ಮುಳ್ಳು ಏರಬೇಕಾದಷ್ಟರಲ್ಲಿ ಅರ್ಧಕ್ಕೂ ಏರಲಿಲ್ಲ. ಆಕ್ಸಲರೇಟರ್ ಒತ್ತಿದರೆ ಇನ್ನೂ ಕೆಳಗಿಳಿಯಿತು. "ಪ್ರೆಶರೇ ಇಲ್ಲ ಕಣಮ್ಮ. ಇದ್ನ ಮೊದ್ಲೇ ನೋಡ್ಬೇಕಿತ್ತು, ಯಾರೂ ಹೇಳ್ಲಿಲ್ವಾ?" ಎಂದ. ನಾನು ಕಾಫಿ ತರಲು ಒಳಗೆ ಹೋದೆ.

ಸೀಟು ಎತ್ತಿ ಪಂಪು ಹೊರತೆಗೆದರೆ ಅದರ ಜಾಲರಿಯ ತುಂಬ ತೆಂಗಿನ ನಾರು! "ಇನ್ನೊಂದಿಡಿ ಸಿಕ್ಕಿದ್ರೆ ಹಗ್ಗ ಹೊಸೀಬೋದಿತ್ತು ಕಣಮ್ಮ" ಎಂದು ಬಾಲರಾಜು ಅದನ್ನು ಬೀದಿಗೆಲ್ಲ ತೋರಿಸಿದ. ದಸರೆಯ ಹೊತ್ತಿಗೆ ಮಾವನವರು ಟ್ಯಾಂಕಿನ ಮುಚ್ಚಳವನ್ನು ಬಂಕಿನಲ್ಲಿ ಕಾರಿನ ಮೇಲಿಟ್ಟು ಹಾಗೆಯೇ ಹೊರಟು ಕಳೆದುಕೊಂಡಿದ್ದರಲ್ಲ, ಆಗ ಮನೆಯಲ್ಲಿ ಯಾರೋ ಎಣ್ಣೆ ಡಬ್ಬಕ್ಕೆ ಹಾಕುವಂತೆ ಟ್ಯಾಂಕಿನ ಬಾಯಿಗೂ ನಾರಿನ ಬಿರಡೆ ತುರುಕಿದ್ದರು. ತೆಗೆದು ತುರುಕಿ, ತೆಗೆದು ತುರುಕಿ ಅದು ಉದುರಿ ಒಳಗಿಳಿದಿದೆ. ಯಾರೆಂದು ವಿಚಾರಿಸುತ್ತ ಕೂರುವುದು ದೊಡ್ಡವರ ಲಕ್ಷಣವಲ್ಲ. ಟ್ಯಾಂಕು ತೊಳೆಸಿ, ಜಾಲರಿ ಬದಲಾಯಿಸಿ, ಹೊಸ ಮುಚ್ಚಳ ಹಾಕಿಸಿದ್ದಾಯಿತು, ಮುಳ್ಳೂ ತನ್ನ ಜಾಗಕ್ಕೆ ಬಂದಿತು. ನಿನ್ನೆ ಮೂಟೆ ಹೇರಿಕೊಂಡು ಏರು ಹತ್ತಿದೆವು. ಎಳನೀರಿನವನು ಕತ್ತಿ ಹಿಡಿದು ನೋಡುತ್ತಲೇ ಉಳಿದ.

ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಶಿವನು ನಿನ್ನನ್ನು ಕಾಯಲಿ, ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ಇಂತಿ ನಿನ್ನ ಅತ್ತೆ,
ಸಿದ್ದಗಂಗಮ್ಮ

ಬರೆಯಲು ಮರೆತೆ: ಬಿರಡೆ ತುರುಕಿದ್ದು ನಾನೇ. ನಿಂಗಮ್ಮನ ಮನೆಬಾಗಿಲಿಗೇ ಹೋಗಿ ಇದನ್ನು ಹೇಳಿ ಬಂದೆ. "ಅಯ್ಯೋ, ನೀವಾ ಸಿದ್ದಗಂಗಮ್ನೋರೆ!" ಎಂದು ಅವಳು ನಕ್ಕ ನಗು ನಿಮ್ಮ ಶೆಟ್ಟಿಕೆರೆಗೂ ಕೇಳಿಸಿರಬೇಕು. ಭಾನುವಾರ ರೇಣುಕಪ್ರಸಾದನ ಜೊತೆ ಅದೇ ಕಾರಿನಲ್ಲಿ ಬರುತ್ತೇನೆ. ವಾಪಸು ಬರುವಾಗ ನೀನೇ ಓಡಿಸಬೇಕು. ನಾನು ನಿನ್ನ ಪಕ್ಕದಲ್ಲಿ ಕೂರುತ್ತೇನೆ. ತಿಪಟೂರು ದಾಟುವವರೆಗಾದರೂ ಬಾಯಿ ಬಿಡುವುದಿಲ್ಲ.