ಯಾವ ಬೀದಿ ಎಂದು ಕೇಳದ ಊರು

ಹೆಮ್ಮರಗಾಲ
೧೨-೫-೧೯೯೭

ಪ್ರೀತಿಯ ಮಗಳು ರಂಜಿನಿಗೆ,

ನರ್ಸ್ ಕೆಲಸ ಎರಡೂ ಕಡೆ ಸಿಕ್ಕಿದೆ, ಗೋವಾಕ್ಕೆ ಹೋಗಲೋ ಕೇರಳಕ್ಕೋ ಎಂದು ಕೇಳಿದ್ದೀಯ. ಬಿಸಿಲು, ಕಡಲು ಎರಡು ಕಡೆಯೂ ಇವೆ. ಗೋವಾದಲ್ಲಿ ಮೀನು ಚೆನ್ನಾಗಿದೆ, ಕೇರಳದಲ್ಲಿ ಊರೂರಿಗೂ ವಾಚನಾಲಯವಿದೆ ಎಂದು ಬರೆದಿದ್ದೀಯ. ಮನೆ ಬಾಡಿಗೆಗೆ ಕೊಡುವವರು ಏನು ಕೇಳುತ್ತಾರೆ ಎಂಬುದನ್ನು ಮಾತ್ರ ಬರೆದಿಲ್ಲ.

ನಾನು ಮೇಷ್ಟ್ರಾಗಿ ನರಸೀಪುರಕ್ಕೆ ಹೋದಾಗ, ಬಾಡಿಗೆಗೆ ಕೇಳಿದ ಮನೆಯ ಮಾಲೀಕರು ಕೂರಿಸಿ, ಒಳಗೆ ಕಾಫಿಗೆ ಹೇಳಿದರು.

"ಯಾವೂರು ಮೇಷ್ಟ್ರೇ?"

ಹೇಳಿದೆ.

"ಊರಲ್ಲಿ ಯಾವ ಬೀದಿ?"

ನಮ್ಮ ಕೇರಿಯ ಹೆಸರು ಹೇಳಿದೆ. ಕಾಫಿ ಹೊರಗೆ ಬರಲಿಲ್ಲ. ಓದಿದವರು, ಜಾತಿ ಎಂಬ ಮಾತನ್ನು ಬಾಯಲ್ಲಿ ಆಡಲಿಲ್ಲ. ನನಗೆ ಕೊಡದೆ ಬೀಗ ಹಾಕಿಯೇ ಇಟ್ಟಿದ್ದ ಆ ಮನೆಯ ಮುಂದೆ ವರ್ಷವೆಲ್ಲ ಶಾಲೆಗೆ ನಡೆದೆ. ಮರೆತಿಲ್ಲ.

"ಬೀದಿ ಹೇಳ್ದೆ ಇದ್ರಾಯ್ತು ಬುಡಿ, ಮೊದ್ಲು ಮನೆ ಸಿಕ್ಲಿ" ಎನ್ನುತ್ತಾಳೆ ನಿಮ್ಮಮ್ಮ. ನೀನು ಹಾಗೆ ಮಾಡಬೇಡ. ಅಳಿಯಂದಿರ ಜೊತೆ ಎರಡೂ ಊರಲ್ಲಿ ಮನೆ ಕೇಳಿ ನೋಡು. ನೀವು ಯಾರೆಂದು ತಿಳಿದ ಮೇಲೂ ಕಾಫಿ ಕೊಡುವವರ ಊರಿಗೆ ಹೋಗಿ.

ಅಲ್ಲೆಲ್ಲೂ ರಾಗಿ ಸಿಗುವುದಿಲ್ಲವಂತೆ. ಹಿಟ್ಟು ಬೀಸಿಸಿ ಇಟ್ಟಿದ್ದೇವೆ. ಯಾವ ಊರಿನ ಬಸ್ಸಿಗೆ ಹಾಕಲಿ, ತಿಳಿಸು.

ನಿನ್ನಪ್ಪ,
ಮಹದೇವಯ್ಯ