ನೊಟೋರಿಯಸ್ ಏಕನಾಥಮ್ಮ

ಬಾಗೂರು
೨೦ ನವೆಂಬರ್ ೨೦೨೪

ದುರ್ಗಾ,

ಹೆಸರಿನ ಹಿಂದೆ ‘ಪ್ರೀತಿಯ’ ಅಂತ ಸೇರಿಸಲು ಕೈ ಬರಲಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಕಳೆದ ಭಾನುವಾರ ಚಿತ್ರದುರ್ಗದಲ್ಲಿ ನಮ್ಮವ್ವನಿಗೆ ಸನ್ಮಾನವಾಯಿತು. ಕುರಿ ಹಿಂದೆ ತಿರುಗುತ್ತ ಕಲಿತ ಹಾಡುಗಳನ್ನು ನಲವತ್ತು ವರ್ಷ ಉಳಿಸಿಕೊಂಡು ಬಂದದ್ದಕ್ಕೆ. ಹೊರರಾಜ್ಯದ ಅತಿಥಿಗಳಿಗೆಂದು ನೀನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪರಿಚಯವನ್ನು ನಿರೂಪಕಿ ಮೈಕಿನಲ್ಲಿ ಓದಿದಳು. ‘ನೊಟೋರಿಯಸ್ ಸಿಂಗರ್ ಏಕನಾಥಮ್ಮ’ ಅಂದದ್ದೇ ತಡ, ಹಿಂದಿನ ಸಾಲಿನ ಕಾಲೇಜು ಹುಡುಗರು ನಕ್ಕರು. ಒಬ್ಬ ಸಿಳ್ಳೆ ಹೊಡೆದ. ನಗು ಮುಂದಿನ ಸಾಲಿಗೂ ಬಂತು. ಅವ್ವ ಅದನ್ನು ಮೆಚ್ಚುಗೆ ಅಂದುಕೊಂಡು ಎದ್ದು ನಿಂತು ಮೂರೂ ಕಡೆಗೆ ಕೈ ಮುಗಿದಳು. ಅವಳು ಕೈ ಮುಗಿದಷ್ಟೂ ಅವರು ನಕ್ಕರು.

ಆ ಪದಕ್ಕೇನು ಅರ್ಥ ಅಂತ ಪಕ್ಕದಲ್ಲಿ ಕೂತಿದ್ದ ರಾಮಾಂಜನೇಯ ಮೇಷ್ಟ್ರನ್ನು ಕೇಳಿದೆ. ಅವರು ನನ್ನ ಮುಖ ನೋಡದೆ, “ಅದು ಕಳ್ಳರಿಗೆ, ರೌಡಿಗಳಿಗೆ ಹಾಕೋ ಪದ ಕಣಮ್ಮ. ಹೆಸರು ಮಾಡಿರ್ತಾರೆ, ಆದ್ರೆ ಕೆಟ್ಟ ಹೆಸರು. ಕನ್ನಡದಾಗೆ ಕುಖ್ಯಾತ ಅಂತೀವಲ್ಲ, ಅದು” ಅಂದರು.

ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. “ಫೇಮಸ್ ಅಂದ್ರೂ ಒಂದೇ, ಅದಂದ್ರೂ ಒಂದೇ. ಎರಡಕ್ಕೂ ಹೆಸರುವಾಸಿ ಅಂತ್ಲೇ ಅರ್ಥ ಐತೆ ಬಿಡೇ” ಅಂದೆ ನೀನು. ಹೊಸದುರ್ಗದಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವವಳು. ನಿನ್ನ ಹತ್ತಿರ ಓದಿದ ನಮ್ಮ ಚಿಕ್ಕಪ್ಪನ ಮಗಳು ಚೈತ್ರಾಳ ನೋಟ್ಸ್ ತರಿಸಿ ನೋಡಿದೆ. ಒಳ್ಳೆಯದಕ್ಕೆ ಫೇಮಸ್, ಕೆಟ್ಟದ್ದಕ್ಕೆ ನೊಟೋರಿಯಸ್, ಅದಲು ಬದಲು ಮಾಡಬಾರದು ಅಂತ ನೀನೇ ಬರೆಸಿದ್ದೀಯ. ಕೆಳಗೆ ಎರಡು ಗೆರೆ ಬೇರೆ ಎಳೆಸಿದ್ದೀಯ.

ಗೊತ್ತಿಲ್ಲದೆ ಬರೆದಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ಮೇಲೆ ಸಿಟ್ಟಿದ್ದರೆ ನನ್ನ ಕೆನ್ನೆಗೆ ಹೊಡೆಯಬೇಕಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ನಿನ್ನನ್ನು ಮಡಿಲಲ್ಲಿ ಮಲಗಿಸಿಕೊಂಡವಳನ್ನು ನೋಡಿ ಊರು ನಗುವ ಹಾಗೆ ನೀನು ಮಾಡಿದೆ.

ಬಸ್ಸು ಹೊಳಲ್ಕೆರೆ ದಾಟುವವರೆಗೂ ಅವ್ವ ಸನ್ಮಾನದ ಶಾಲು ತೆಗೆದಿರಲಿಲ್ಲ. ಆಮೇಲೆ ಮೆಲ್ಲಗೆ, “ಆ ಹುಡುಗ್ರು ಯಾಕ್ ಮಗಾ ಹಂಗ್ ನಕ್ಕಿದ್ದು?” ಅಂದಳು. ಖುಷಿಗೆ ಅಂದೆ. ಅವಳು ಶಾಲು ಮಡಚಿ ಚೀಲಕ್ಕಿಟ್ಟಳು. ಮೂರು ದಿನವಾಯಿತು, ಒಂದು ಸೊಲ್ಲನ್ನೂ ಗುನುಗಿಲ್ಲ.

ಇನ್ನು ನಮ್ಮ ಹೊಸ್ತಿಲು ತುಳಿಯಬೇಡ.

ಮಾನಸ

ಇನ್ನೊಂದು ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನೀನು ಮೊದಲು ಬರೆದುಕೊಟ್ಟ ಪ್ರತಿ ನನ್ನ ಹತ್ತಿರವೇ ಇದೆ. ಅದರಲ್ಲಿ ಫೇಮಸ್ ಅಂತಲೇ ಇದೆ. ಅವ್ವನ ಪಕ್ಕದಲ್ಲಿ, ಅಷ್ಟು ವರ್ಷವೂ ಜೊತೆಗೆ ಹಾಡಿದ ನಿಮ್ಮವ್ವ ಕೆಂಚಕ್ಕನ ಹೆಸರೂ ಇದೆ. ಆ ಹೆಸರು ತೆಗೆದು ಇನ್ನೊಂದು ಬರೆದುಕೊಡು ಅಂದವಳು ನಾನು. ಅವ್ವನಿಗೆ ಇದು ಗೊತ್ತಿಲ್ಲ. ವೇದಿಕೆ ಹತ್ತುವ ಮುಂಚೆ, “ಕೆಂಚಿ ಎಲ್ಲವಳೆ?” ಅಂತ ಎರಡು ಸಲ ಕೇಳಿದಳು. ಹುಷಾರಿಲ್ಲವಂತೆ ಅಂದೆ.