ಬಾಟಲಿ ಬಿಡದ ಹಸಿರು

ಪ್ರೀತಿಯ ಸುಗಲಮ್ಮಕ್ಕ,

ಜೀಡಿಮೆಟ್ಲಾದ ಲ್ಯಾಬಿನಿಂದ ಶೈಲಾಳ ನಮಸ್ಕಾರ. ನಿಮ್ಮ ಮಗಳು ಉಮಾಶ್ರೀ ಇದನ್ನು ಓದಿ ಹೇಳಲಿ. ಅವಳೂ ಕೇಳಬೇಕಾದ ಮಾತಿದು.

ಎರಡು ವರ್ಷದ ಹಿಂದಿನ ಆ ಮಳೆಗಾಲ ನೆನಪಿದೆಯಲ್ಲ? ಅಶ್ವಾರಾವುಪೇಟೆಯ ತೋಟಗಳಲ್ಲಿ ಕೋಕೋ ಕಾಯಿಗಳು ಕಪ್ಪಾಗಿ ಕೊಳೆಯುತ್ತಿದ್ದವು. ಆ ರೋಗದ ಶಿಲೀಂಧ್ರವನ್ನು ತಿಂದುಹಾಕುವ ಇನ್ನೊಂದು ಹಸಿರು ಶಿಲೀಂಧ್ರವನ್ನು ನಾನು ಬೆಳೆಸಿ, ನೀರಿನಲ್ಲಿ ಕಲಸಿ ಕಳಿಸುತ್ತಿದ್ದೆ. ಸಿಂಪಡಿಸಿದ ಮರುದಿನ ಮಳೆ ಬಂದರೆ ಎಲ್ಲವೂ ತೊಳೆದುಹೋಗುತ್ತಿತ್ತು. ಇನ್ನೊಂದು ಸಲ ಸೋತರೆ ಈ ಕೆಲಸವನ್ನೇ ನಿಲ್ಲಿಸುವುದೆಂದು ನಮ್ಮ ಮುಖ್ಯಸ್ಥರಾದ ಹಂಪಯ್ಯ ಸರ್ ಹೇಳಿಬಿಟ್ಟಿದ್ದರು.

ಸಿಂಕಿನ ಮುಂದೆ ಬಾಟಲಿ ತೊಳೆಯುತ್ತಿದ್ದ ನೀವು ನನ್ನನ್ನು ಕರೆದಿರಿ. "ಶೈಲವ್ವ, ಇಲ್ಲಿ ನೋಡ್ರಿ. ನೀರಿನ ಬಾಟ್ಲಿ ಒಂದ ಸಲಕ್ಕ ಸ್ವಚ್ಛ ಆಗತೈತಿ. ಈ ಎಣ್ಣಿ ಬಾಟ್ಲಿ ಎಷ್ಟ ತಿಕ್ಕಿದ್ರೂ ಹಸರ ಬಿಡವಲ್ದು. ಕಾಯಿಗೂ ಹಿಂಗ ಹತ್ತಿಕೊಂಡ್ರ ಚಲೋ ಅಲ್ಲೇನ್ರಿ?" ಬೇರೆ ಯಾವುದೋ ಪರೀಕ್ಷೆಗೆಂದು ಎಣ್ಣೆಯಲ್ಲಿ ಕಲಸಿಟ್ಟು ನಾನೇ ಮರೆತಿದ್ದ ಬಾಟಲಿ ಅದು.

ಆಮೇಲೆ ನಾಲ್ಕು ತಿಂಗಳು ಹೆಣಗಾಡಿದೆ. ಎಣ್ಣೆ ಹೆಚ್ಚಾದರೆ ಎಲೆ ಸುಡುತ್ತಿತ್ತು, ಕಡಿಮೆಯಾದರೆ ಅಂಟುತ್ತಿರಲಿಲ್ಲ. ಕೊನೆಗೊಮ್ಮೆ ಹದ ಸಿಕ್ಕಿತು. ಮೀಟಿಂಗಿನಲ್ಲಿ ಸರ್, "ಈ ವಿಚಾರ ಹೆಂಗ ಹೊಳೀತವ್ವಾ?" ಎಂದರು. "ಹಂಗ ಹೊಳೀತ್ರಿ ಸರ್" ಅಂದುಬಿಟ್ಟೆ. ಚಹಾ ಹಿಡಿದು ನೀವು ಬಾಗಿಲಲ್ಲೇ ಇದ್ದಿರಿ. ನನ್ನ ಮುಂದೆ ಕಪ್ಪು ಇಟ್ಟು, "ಭಾಳ ಚಲೋ ಆತ್ರಿ" ಎಂದಿರಿ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಮರುತಿಂಗಳು ಮಗಳ ಬಾಣಂತನಕ್ಕೆಂದು ಮಸ್ಕಿಗೆ ಹೊರಟಿರಿ. ಬಸ್ಸಿನವರೆಗೆ ಬಂದೂ ನಾನು ಬಾಯಿ ಬಿಡಲಿಲ್ಲ.

ಕಳೆದ ವಾರ ಸರ್ ಜೊತೆ ಆ ತೋಟಗಳಲ್ಲೊಂದಕ್ಕೆ ಹೋಗಿದ್ದೆವು. ಮೂರು ದಿನ ಮಳೆ ಹೊಡೆದಿದ್ದರೂ ಕಾಯಿಗಳು ಹಳದಿಯಾಗಿ, ಗಟ್ಟಿಯಾಗಿ ನಿಂತಿದ್ದವು. ರೈತರೆದುರು ಮಾತಾಡಲು ಸರ್ ಹೇಳಿದಾಗ, ನಿಮ್ಮ ಹೆಸರಿನಿಂದಲೇ ಶುರು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ವಾಪಸು ಬರುವಾಗ ಜೀಪಿನಲ್ಲಿ ಅವರು, "ಇಷ್ಟ ದಿನ ಯಾಕ ಮುಚ್ಚಿಟ್ಟಿದ್ದಿ?" ಎಂದರು. ಮುಂದಿನ ಪ್ರಯೋಗದ ಹೊಣೆ ನನ್ನಿಂದ ನಮ್ಮ ಲ್ಯಾಬಿನ ನಲಿನಿಗೆ ಹೋಯಿತು. ಅದು ಸರಿಯೇ. ತಿದ್ದಿದ ವರದಿಯಲ್ಲಿ ನನ್ನ ಹೆಸರಿನ ಮೇಲೆ ನಿಮ್ಮ ಹೆಸರಿದೆ. ಪ್ರತಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಅಂದು ತೋಟದ ಒಡತಿ ತೆಲುಗಿನಲ್ಲಿ, "ಆ ಅಮ್ಮ ರಾಲೇದಾ?" ಎಂದು ಕೇಳಿದಳು. ಆ ಅಮ್ಮ ಬರಲಿಲ್ಲವೇ ಎಂದು. ಕೊಯ್ಲಿಗೆ ಕರೆತರುತ್ತೇನೆ ಎಂದೆ. ಈ ಸಲವೂ ನಿಮ್ಮನ್ನು ಕೇಳದೆಯೇ ಮಾತಾಡಿದ್ದೇನೆ. ಬರುವಿರಾ ಅಕ್ಕ?

ಮೊಮ್ಮಗು ನಿಮ್ಮ ಕಣ್ಣೆದುರು ನಗುತ್ತ ಬೆಳೆಯಲಿ.

ನಿಮ್ಮೆದುರು ತಲೆ ತಗ್ಗಿಸಿ,
ಶೈಲಾ
ಕೂಕಟ್‌ಪಲ್ಲಿ